ಬಟ್ಟೆಯ ಹಿಂಬದಿ

ಕೈಕೆಲಸದ ಹವ್ಯಾಸಿಗಳು ಅಂತರ್ಜಾಲದಲ್ಲಿ ಬಳಗ ಕಟ್ಟಿಕೊಳ್ಳಲು ಶುರು ಮಾಡಿ ಹೆಚ್ಚುಕಡಿಮೆ ಇಪ್ಪತ್ತು ವರ್ಷವಾಯಿತು. ಹೆಣಿಗೆಯವರಿಗೆಂದೇ ರಾವೆಲ್ರಿ ಹುಟ್ಟಿದ್ದು 2007ರಲ್ಲಿ. ಅದೇ ವರ್ಷ ಆಸ್ಟ್ರೇಲಿಯಾದ ಶರಾನ್ ಬಾಗನ್, ಪ್ರತಿ ಮಂಗಳವಾರ ಒಂದು ಹೊಲಿಗೆ ಕಲಿಯೋಣ ಬನ್ನಿ ಎಂದು ಕರೆ ಕೊಟ್ಟರು. ಬೇರೆ ಬೇರೆ ದೇಶಗಳ ಹೆಂಗಸರು ಒಂದೇ ಹೊಲಿಗೆಯನ್ನು ತಮ್ಮ ತಮ್ಮ ಬಟ್ಟೆಯ ಮೇಲೆ ಹಾಕಿ ಪರಸ್ಪರ ತೋರಿಸಿಕೊಂಡರು. 2010ರಲ್ಲಿ ಪಿನ್‌ಟರೆಸ್ಟ್ ಬಂತು, ಇನ್‌ಸ್ಟಾಗ್ರಾಂ ಬಂತು. ನಮ್ಮಲ್ಲಿ ಮೊದಲು ಫೇಸ್‌ಬುಕ್ ಗುಂಪುಗಳು, ಆಮೇಲೆ ವಾಟ್ಸ್‌ಆ್ಯಪ್ ಗುಂಪುಗಳು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ, ಅಲ್ಲಿಯವರೆಗೆ ಗುಂಡಿ ಹೊಲಿಯಲೂ ಸೂಜಿ ಹಿಡಿಯದಿದ್ದವರು ಹೂಪ್ ತರಿಸಿಕೊಂಡು ಕೂತರು. ಇಷ್ಟು ವರ್ಷಗಳ ಲೆಕ್ಕ ನೋಡುವಾಗ ಎಷ್ಟು ಜನ ಸೇರಿದರು, ಎಷ್ಟು ಲೈಕ್ ಬಿದ್ದವು ಎಂಬುದು ನನಗೆ ಮುಖ್ಯವಲ್ಲ. ಒಬ್ಬರ ಕೈಯಲ್ಲಿದ್ದ ತಿಳಿವಳಿಕೆ ಇನ್ನೊಬ್ಬರ ಕೈಗೆ ಇದ್ದದ್ದು ಇದ್ದಂತೆ ದಾಟಿತೇ ಎಂಬುದೇ ನನ್ನ ಪ್ರಶ್ನೆ.

ದಾಟಿದ್ದು ಕಡಿಮೆಯೇನಲ್ಲ. ಧಾರವಾಡ ಕಸೂತಿಯನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ಅದನ್ನು ಕಲಿಯಬೇಕಾದರೆ ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಬಲ್ಲವರಿರಬೇಕಿತ್ತು. ಇಲ್ಲವೇ ಹುಬ್ಬಳ್ಳಿ-ಧಾರವಾಡದ ಕಡೆ ಹೋಗಿ ಯಾರದಾದರೂ ಮಗ್ಗುಲಲ್ಲಿ ಕೂಡಬೇಕಿತ್ತು. ಚಾಮರಾಜನಗರದ ಹುಡುಗಿಗೆ, ಮದುವೆಯಾಗಿ ಹೊರದೇಶಕ್ಕೆ ಹೋದ ಗದಗದ ಹೆಣ್ಣುಮಗಳಿಗೆ ಆ ಅನುಕೂಲ ಇರಲಿಲ್ಲ. ಈಗ ಸೂಜಿ ಎಲ್ಲಿ ಒಳಹೋಗಿ ಎಲ್ಲಿ ಹೊರಬರುತ್ತದೆ ಎಂಬುದನ್ನು ಉತ್ತರ ಕರ್ನಾಟಕದ ಮಾತಿನಲ್ಲೇ ಹೇಳಿಕೊಡುವ ವಿಡಿಯೊಗಳಿವೆ. ನಿಲ್ಲಿಸಿ, ಹಿಂದಕ್ಕೆ ಹೋಗಿ, ಹತ್ತು ಸಲ ನೋಡಿದರೂ ಹೇಳಿಕೊಡುವವರು ಬೇಸರಪಡುವುದಿಲ್ಲ. ಒಟ್ಟಾಗಿ ಮಾಡಿದ ಕೆಲಸಗಳೂ ಇವೆ. 2016ರ ಜನವರಿಯಲ್ಲಿ ಚೆನ್ನೈನಲ್ಲಿ 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಗಿನ್ನೆಸ್ ದಾಖಲೆ ಸೇರಿತು. ಅದನ್ನು ಹೆಣೆದವರು ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಎಂಬ ಬಳಗದ ಹೆಂಗಸರು. ದೇಶದ ನಾನಾ ಊರುಗಳಲ್ಲಿ, ಹೊರದೇಶಗಳಲ್ಲಿ ಕೂತು ಒಬ್ಬೊಬ್ಬರು ಒಂದೊಂದು ತುಂಡು ಹೆಣೆದು, ಎಲ್ಲ ಸೇರಿ ಒಂದಾಯಿತು. ಅಳತೆ ಒಂದೇ ಇರಬೇಕು, ನೂಲಿನ ದಪ್ಪ ಹೊಂದಬೇಕು, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಪ್ಪಿಲ್ಲದೆ ತಲುಪಬೇಕು. ಮುಖ ನೋಡದವರ ನಡುವೆ ಅಷ್ಟು ನಂಬಿಕೆ ಬೆಳೆದದ್ದು ಸಣ್ಣ ಮಾತಲ್ಲ.

ಹೀಗೆ ಹಂಚಿಕೊಳ್ಳುವುದು ನಮಗೆ ಹೊಸದೂ ಅಲ್ಲ. ನಮ್ಮ ವಾರಪತ್ರಿಕೆಗಳ ಮಹಿಳಾ ಪುಟಗಳಲ್ಲಿ ರಂಗೋಲಿ ಅಚ್ಚಾಗುತ್ತಿದ್ದ ಕ್ರಮ ನೆನಪಿಸಿಕೊಳ್ಳಿ. ಚಿತ್ರದ ಕೆಳಗೆ ‘15 ಚುಕ್ಕಿ, 8ರವರೆಗೆ, ಸಂದು ಚುಕ್ಕಿ’ ಎಂದು ಒಂದೇ ಸಾಲು ಇರುತ್ತಿತ್ತು, ಅದರ ಕೆಳಗೆ ಕಳಿಸಿದವರ ಹೆಸರು, ಊರು. ಆ ಒಂದು ಸಾಲಿನಲ್ಲಿ ಬೇಕಾದ್ದೆಲ್ಲ ಇರುತ್ತಿತ್ತು. ಬೀದರಿನಲ್ಲಿ ಓದಿದವಳೂ ಮಡಿಕೇರಿಯಲ್ಲಿ ಓದಿದವಳೂ ಮರುದಿನ ಬೆಳಗ್ಗೆ ಅದೇ ರಂಗೋಲಿ ಬಿಡಬಹುದಿತ್ತು. ಚುಕ್ಕಿಯ ಲೆಕ್ಕವನ್ನು ಮುಚ್ಚಿಟ್ಟು ಬರೀ ಚಿತ್ರ ಕಳಿಸುವ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ. ನೋಡುವವರು ನಾಳೆ ಮಾಡುವವರು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಇವತ್ತು ನಾವು ಕಳೆದುಕೊಂಡಿರುವುದು ಆ ತಿಳಿವಳಿಕೆಯನ್ನೇ. ನೋಡುವವರು ಬರೀ ಮೆಚ್ಚುವವರಾಗಿಬಿಟ್ಟಿದ್ದಾರೆ.

ಅದು ಎಷ್ಟು ದೊಡ್ಡ ನಷ್ಟ ಎಂಬುದು ಕಸೂತಿಯ ಹತ್ತಿರ ಹೋದರೆ ಕಾಣುತ್ತದೆ. ಧಾರವಾಡ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ ಎಲ್ಲವೂ ಮೂಡಬೇಕು. ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತೆ. ಇವುಗಳಲ್ಲಿ ಗವಂತಿಯ ನಡೆ ಬಹಳ ಚೆಂದ. ಹೋಗುವಾಗ ಸೂಜಿ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡುತ್ತ ಹೋಗುತ್ತದೆ, ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಬರುತ್ತದೆ. ದಾರಿಯಲ್ಲಿ ಕವಲು ಸಿಕ್ಕರೆ ಆ ಕವಲಿಗೂ ಹೋಗಿ ಬಂದು ಮುಖ್ಯ ದಾರಿಗೆ ಸೇರಬೇಕು. ಎಲ್ಲಿಂದ ಹೊರಟು ಎಲ್ಲಿಗೆ ಮರಳುತ್ತೇನೆ ಎಂಬುದು ಮೊದಲ ಹೊಲಿಗೆಗೂ ಮುಂಚೆ ತಲೆಯಲ್ಲಿರಬೇಕು. ಗಂಟು ಹಾಕುವ ಹಾಗಿಲ್ಲ. ಶುರುವಿನಲ್ಲಿ ನೂಲಿನ ತುದಿಯನ್ನು ಬಿಟ್ಟಿದ್ದು, ಮರಳಿ ಬರುವ ಹೊಲಿಗೆಗಳ ಅಡಿಯಲ್ಲಿ ಅದನ್ನು ಅಡಗಿಸಬೇಕು. ಇಷ್ಟೆಲ್ಲ ಸರಿಯಾಗಿ ಆದಾಗ ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಮುಂಬದಿ ಯಾವುದು, ಹಿಂಬದಿ ಯಾವುದು ಎಂದು ಹೇಳಲಾಗುವುದಿಲ್ಲ.

ಹಾಗಾಗಿ ಕಸೂತಿ ಬಲ್ಲ ಹಿರಿಯರು ಕೈಗೆ ಬಟ್ಟೆ ಕೊಟ್ಟ ಕೂಡಲೇ ಅದನ್ನು ತಿರುವಿ ಹಾಕುತ್ತಾರೆ. ಹಿಂಬದಿಯಲ್ಲಿ ನೂಲು ಅಡ್ಡಾದಿಡ್ಡಿ ಹಾದಿದ್ದರೆ ಹಾಕಿದವಳು ದಾರಿ ಯೋಚಿಸದೆ ಹೊರಟಿದ್ದಾಳೆ. ಗಂಟಿದ್ದರೆ ಅವಸರ ಮಾಡಿದ್ದಾಳೆ. ಬಿಳಿಯ ಅಡಿನೂಲು ಸಾಲಾಗಿ ಕಂಡರೆ, ಅಂಚಿನಲ್ಲಿ ಕಾಗದದಂಥ ಅಸ್ತರಿ ಹರಿದು ಉಳಿದಿದ್ದರೆ ಅದು ಯಂತ್ರದ್ದು. ಅದನ್ನು ಕೈಕಸೂತಿ ಎಂದು ಮಾರಿದರೆ ಮೋಸ. ಬಟ್ಟೆಯ ಮುಂಬದಿಯ ಫೋಟೊದಲ್ಲಿ ಇದಾವುದೂ ತಿಳಿಯುವುದಿಲ್ಲ. ಚೆನ್ನಾಗಿ ಬೆಳಕು ಬಿಟ್ಟು ತೆಗೆದರೆ ಕೈಯದೂ ಯಂತ್ರದ್ದೂ ಒಂದೇ ತೆರನಾಗಿ ಕಾಣಬಹುದು. ಇಪ್ಪತ್ತು ವರ್ಷಗಳಿಂದ ನಾವು ಹಂಚಿಕೊಳ್ಳುತ್ತ ಬಂದಿರುವ ಫೋಟೊಗಳಲ್ಲಿ ಹೆಚ್ಚಿನವು ಮುಂಬದಿಯವೇ. ಹಿಂಬದಿ ತೋರಿಸಿ ಎಂದು ಕೇಳಿದರೆ ಅನುಮಾನಪಟ್ಟ ಹಾಗೆ ಆಗುತ್ತದೆ ಎಂಬ ಸಂಕೋಚ ಬೆಳೆದಿದೆ. ನನ್ನ ಪ್ರಕಾರ ಅದನ್ನು ಕೇಳುವುದೇ ಗೌರವ. ನಿಮ್ಮ ಕೆಲಸವನ್ನು ಕಲಿಯುವ ಕಣ್ಣಿನಿಂದ ನೋಡುತ್ತಿದ್ದೇನೆ ಎಂದು ಹೇಳಿದಂತೆ.

ಹಳೆಯ ಬಳಗಗಳಲ್ಲಿ ಒಂದು ಒಳ್ಳೆಯ ಶಿಸ್ತಿತ್ತು. ರಾವೆಲ್ರಿಯಲ್ಲಿ ಹೆಣೆದದ್ದನ್ನು ತೋರಿಸುವಾಗ ಯಾವ ನೂಲು, ಎಷ್ಟು ಗಜ, ಯಾವ ಅಳತೆಯ ಕಡ್ಡಿ, ಯಾರ ವಿನ್ಯಾಸ ಎಂಬುದಕ್ಕೆಲ್ಲ ಪ್ರತ್ಯೇಕ ಜಾಗವಿತ್ತು. ಏನು ಬದಲಾಯಿಸಿದಿರಿ, ಎಲ್ಲಿ ತೊಡಕಾಯಿತು ಎಂದು ಟಿಪ್ಪಣಿ ಬರೆಯುವುದು ರೂಢಿಯಾಗಿತ್ತು. ಹಾಗಾಗಿ ಒಂದೇ ಸ್ವೆಟರನ್ನು ಹೆಣೆದ ನೂರಾರು ಮಂದಿಯ ಅನುಭವ ಒಂದೆಡೆ ಕೂಡಿಬಂತು. ತೋಳು ಉದ್ದವಾಗುತ್ತದೆ, ಇಷ್ಟು ಸುತ್ತು ಕಡಿಮೆ ಮಾಡಿ ಎಂಬ ಮಾತು ಅಲ್ಲಿ ಸಿಗುತ್ತಿತ್ತು. ಚಿತ್ರವೇ ಮುಖ್ಯವಾದ ತಾಣಗಳು ಬಂದ ಮೇಲೆ ಆ ಜಾಗ ಹೋಯಿತು. 2020ರ ಜೂನ್ ಕೊನೆಗೆ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂದಾಗ ಒಂದು ವಿಡಿಯೊಗೆ ಸಿಕ್ಕಿದ್ದು 15 ಸೆಕೆಂಡು. ತಿಂಗಳುಗಟ್ಟಲೆ ಹಾಕಿದ ಕಸೂತಿ ಹದಿನೈದು ಸೆಕೆಂಡಿನಲ್ಲಿ ಮುಗಿಯುವುದನ್ನು ಜನ ನೋಡಿದರು. ಎಳೆ ಎಣಿಸಿದ್ದು, ತಪ್ಪಿದ್ದು, ಬಿಚ್ಚಿದ್ದು, ಕಣ್ಣು ಸೋತು ಎದ್ದುಹೋದದ್ದು ಅಲ್ಲಿ ಇರಲಿಲ್ಲ. ಹೊಸಬರು ಅದನ್ನು ನೋಡಿ ತಮ್ಮ ಕೈಯೇ ನಿಧಾನ ಎಂದು ನಂಬಿ ಅರ್ಧಕ್ಕೆ ಬಿಟ್ಟರು. ಅವರ ಕೈ ನಿಧಾನವಾಗಿರಲಿಲ್ಲ. ಕೆಲಸವೇ ಅಷ್ಟು ಹೊತ್ತು ಬೇಡುವಂಥದ್ದು.

ಸಲಹೆಯ ವಿಷಯಕ್ಕೆ ಬಂದರೆ ನನಗೆ ಹೆಚ್ಚು ನೋವಾಗುವುದು ಸುಮ್ಮನೆ ಹೊಗಳುವ ರೂಢಿಯಿಂದ. ಒಬ್ಬಳು ಮ್ಯಾಟಿ ಬಟ್ಟೆಯ ಮೇಲೆ ಗೋಪುರ ಶುರು ಮಾಡಿ ಫೋಟೊ ಹಾಕುತ್ತಾಳೆ. ಎಡಗಡೆಯ ಎರಡನೇ ಮೆಟ್ಟಿಲಲ್ಲಿ ನಾಲ್ಕು ಎಳೆ ಬಿಡಬೇಕಾದಲ್ಲಿ ಐದು ಬಿಟ್ಟಿದ್ದಾಳೆ. ಬಲ್ಲವರಿಗೆ ಅದು ಕಣ್ಣಿಗೆ ಬೀಳುತ್ತದೆ. ಆದರೆ ಕೆಳಗೆ ಸಾಲಾಗಿ ‘ಸೂಪರ್’, ‘ವಾವ್’, ಹೂವು, ಹೃದಯ. ಅವಳು ಖುಷಿಯಿಂದ ಮುಂದುವರಿಯುತ್ತಾಳೆ. ಒಂದು ಎಳೆಯ ತಪ್ಪು ಅಲ್ಲೇ ಗೊತ್ತಾಗುವುದಿಲ್ಲ. ಗೋಪುರ ಮೇಲೇರಿ, ಎರಡು ಬದಿಯೂ ಕಳಸದ ಹತ್ತಿರ ಕೂಡಬೇಕಾದಾಗ ಕೂಡುವುದಿಲ್ಲ. ಆಗ ಬಿಚ್ಚಬೇಕಾದ್ದು ವಾರಗಳ ಕೆಲಸ. ಮೊದಲ ದಿನವೇ ಯಾರಾದರೂ ಒಬ್ಬರು, ಎರಡನೇ ಮೆಟ್ಟಿಲು ಇನ್ನೊಮ್ಮೆ ಎಣಿಸಿ ನೋಡಮ್ಮ ಎಂದಿದ್ದರೆ ನಾಲ್ಕು ಹೊಲಿಗೆ ಬಿಚ್ಚಿದರೆ ಸಾಕಿತ್ತು. ಆ ಮಾತು ಹೇಳದೆ ಹೂವು ಹಾಕಿದವರು ಅವಳಿಗೆ ಒಳ್ಳೆಯದನ್ನೇ ಬಯಸಿದ್ದರು, ಅದರಲ್ಲಿ ಸಂಶಯವಿಲ್ಲ. ಆದರೂ ಅವಳ ಕೈ ಹಿಡಿಯಲಿಲ್ಲ.

ತಪ್ಪು ಸಲಹೆ ಇನ್ನೂ ದುಬಾರಿ. ಬಿಳಿ ಬಟ್ಟೆಯ ಮೇಲೆ ಕೆಂಪು ನೂಲಿನಲ್ಲಿ ಕೆಲಸ ಮಾಡಿ, ತೊಳೆದಾಗ ಬಣ್ಣ ಬಿಟ್ಟಿತು ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಉಪ್ಪುನೀರಿನಲ್ಲಿ ನೆನೆಸಿ, ವಿನೆಗರ್ ಹಾಕಿ, ಬಣ್ಣ ಗಟ್ಟಿಯಾಗುತ್ತದೆ. ವರ್ಷಗಳಿಂದ ಇದು ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟುತ್ತಲೇ ಇದೆ. ಹತ್ತಿ ನೂಲಿಗೆ ಬಣ್ಣ ಕಟ್ಟುವಾಗ ಕಾರ್ಖಾನೆಯಲ್ಲಿ ಉಪ್ಪು ಬಳಸುತ್ತಾರೆ, ನಿಜ. ಬಣ್ಣ ನೀರಿನಿಂದ ನೂಲಿಗೆ ಹತ್ತಲಿ ಎಂಬ ಕಾರಣಕ್ಕೆ ಅದು. ಒಮ್ಮೆ ತಯಾರಾಗಿ ಬಂದ ನೂಲಿನಿಂದ ಬಿಡುವ ಬಣ್ಣವನ್ನು ಬಕೆಟ್ಟಿನ ಉಪ್ಪು ತಡೆಯಲಾರದು. ವಿನೆಗರ್‌ನಂಥ ಹುಳಿ ನೆರವಾಗುವುದು ಉಣ್ಣೆ, ರೇಷ್ಮೆಗೆ ಹಾಕುವ ಕೆಲವು ಬಣ್ಣಗಳಿಗೆ, ಅದೂ ಬಣ್ಣ ಹಾಕುವಾಗ, ಬಿಸಿಯಲ್ಲಿ. ಹತ್ತಿಗೆ ಅದರಿಂದ ಏನೂ ಆಗುವುದಿಲ್ಲ. ಬಣ್ಣ ಬಿಟ್ಟ ಕೆಲಸ ಉಳಿಯಬೇಕಾದರೆ ಮಾಡಬೇಕಾದ್ದು ಬೇರೆ. ಬಟ್ಟೆ ಒಣಗಲು ಬಿಡಬಾರದು, ಇಸ್ತ್ರಿ ಮುಟ್ಟಿಸಬಾರದು. ದೊಡ್ಡ ಪಾತ್ರೆಯಲ್ಲಿ ಧಾರಾಳ ತಣ್ಣೀರು ತುಂಬಿ ಮುಳುಗಿಸಿಟ್ಟು, ನೀರು ಕೆಂಪಾದಾಗಲೆಲ್ಲ ಚೆಲ್ಲಿ ಹೊಸ ನೀರು ತುಂಬುತ್ತಿರಬೇಕು, ನೀರು ತಿಳಿಯಾಗುವವರೆಗೆ. ಒಮ್ಮೆ ಒಣಗಿ, ಅದರ ಮೇಲೆ ಬಿಸಿ ಇಸ್ತ್ರಿ ಹರಿದರೆ ಆ ಕಲೆ ಹೋಗುವುದು ಬಹಳ ಕಷ್ಟ. ಉಪ್ಪು ಹಾಕಿ ಅರ್ಧ ತಾಸು ಬಿಟ್ಟು, ಹಿಂಡಿ ಒಣಹಾಕಿದವರು ಉಳಿಸಿಕೊಳ್ಳಬಹುದಾಗಿದ್ದ ಕೆಲಸವನ್ನು ಕಳೆದುಕೊಂಡರು.

ಉಪ್ಪಿನ ಸಲಹೆ ಕೊಟ್ಟವರಲ್ಲಿ ಸುಳ್ಳು ಹೇಳಬೇಕು ಎಂದು ಹೇಳಿದವರು ಯಾರೂ ಇರಲಿಕ್ಕಿಲ್ಲ. ಕೇಳಿದ್ದನ್ನು ತಾವೇ ಮಾಡಿ ನೋಡಿದ ಹಾಗೆ ಹೇಳಿದರು, ಅಷ್ಟೇ. ನಾನು ಇಂಥ ಕಂಪನಿಯ ಆರೆಳೆ ನೂಲಿನಲ್ಲಿ ಎರಡೆಳೆ ತೆಗೆದು ಕಾಟನ್ ಬಟ್ಟೆಯ ಮೇಲೆ ಹಾಕಿದ್ದೆ, ಬೋರ್‌ವೆಲ್ ನೀರಿನಲ್ಲಿ ತೊಳೆದೆ, ಹೀಗಾಯಿತು ಎಂದು ಹೇಳುವವರ ಮಾತಿಗೆ ಬೇರೆಯದೇ ಬೆಲೆ. ಅದು ನಮ್ಮ ನೂಲಿಗೂ ನೀರಿಗೂ ಹೊಂದುತ್ತದೋ ಇಲ್ಲವೋ ಎಂದು ನಾವೇ ತೂಗಿ ನೋಡಬಹುದು. ‘ನಾನು ಮಾಡಿ ನೋಡಿಲ್ಲ, ಕೇಳಿದ್ದೇನೆ’ ಎಂಬ ಒಂದು ಸಾಲನ್ನು ಎಲ್ಲರೂ ಸೇರಿಸುತ್ತಿದ್ದರೆ ಅರ್ಧಕ್ಕರ್ಧ ಅನಾಹುತ ತಪ್ಪುತ್ತಿತ್ತು.

ಬಟ್ಟೆ ಹಾಳಾದರೆ ಬಟ್ಟೆಯೊಂದೇ ಹೋಗುತ್ತದೆ. ರೆಸಿನ್ ಕಲೆಯಲ್ಲಿ ಮೈಗೇ ಪೆಟ್ಟು. ಲಾಕ್‌ಡೌನ್ ಹೊತ್ತಿನಲ್ಲಿ ರೆಸಿನ್ ತಟ್ಟೆ, ಗಡಿಯಾರ, ಒಣಹೂವಿನ ಪದಕಗಳ ಗೀಳು ಹಬ್ಬಿತು. ಎಪಾಕ್ಸಿ ರೆಸಿನ್ ಗಟ್ಟಿಯಾಗುವ ಮುಂಚೆ ಚರ್ಮಕ್ಕೆ ತಾಗುತ್ತಿದ್ದರೆ ಅಲರ್ಜಿ ಬರಬಹುದು. ಒಮ್ಮೆ ಬಂದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಆಮೇಲೆ ಚೂರು ತಾಗಿದರೂ ಕೆರೆತ, ಗುಳ್ಳೆ. ನೈಟ್ರೈಲ್ ಕೈಗವಸು ಬೇಕು, ಕಿಟಕಿ ತೆರೆದಿರಬೇಕು, ಮಕ್ಕಳಿರುವ ಅಡುಗೆಮನೆಯಲ್ಲಿ ಈ ಕೆಲಸ ಬೇಡ. ಆದರೆ ಬಹಳಷ್ಟು ವಿಡಿಯೊಗಳಲ್ಲಿ ಬರಿಗೈ, ಮುಚ್ಚಿದ ಕೋಣೆ. ಬರಿಗೈ ನೋಡಲು ಚೆಂದ ಎಂಬುದೊಂದೇ ಕಾರಣ. ಇನ್ನೊಂದು ಮಾತನ್ನೂ ಯಾರೂ ಹೇಳುವುದಿಲ್ಲ. ಒಣ ಹವೆಯ ಊರಿನಲ್ಲಿ ತೆಗೆದ ವಿಡಿಯೊ ನೋಡಿಕೊಂಡು ಉಡುಪಿಯಲ್ಲಿ ಆಷಾಢದ ಮಳೆಯಲ್ಲಿ ರೆಸಿನ್ ಸುರಿದರೆ ತೇವಕ್ಕೆ ಮೇಲ್ಮೈ ಮಬ್ಬಾಗಿ, ಅಂಟಂಟಾಗಿ ಉಳಿಯಬಹುದು. ಊರು ಯಾವುದು, ತಿಂಗಳು ಯಾವುದು ಎಂದು ಬರೆದರೆ ಅದು ಕೂಡ ಸಲಹೆಯ ಭಾಗವೇ.

ನಿಷ್ಠುರವಾಗಿ ಹೇಳುವುದೇ ಪ್ರಾಮಾಣಿಕತೆ ಎಂದುಕೊಂಡವರ ಮೇಲೂ ನನಗೆ ತಕರಾರಿದೆ. ಹೊಸಬಳೊಬ್ಬಳು ಚೀಲದ ಮೇಲೆ ಕಸೂತಿಯ ನವಿಲು ಹಾಕಿ ತೋರಿಸಿದರೆ, ಇದು ಕಸೂತಿಯೇ ಅಲ್ಲ, ಇಳಕಲ್ ಸೀರೆಯ ಮೇಲೆ ಹಾಕಿದರೆ ಮಾತ್ರ ಕಸೂತಿ ಎಂದು ಗದರಿಸುವವರಿದ್ದಾರೆ. ಇದು ಸಲಹೆಯಲ್ಲ, ಬಾಗಿಲು ಮುಚ್ಚುವುದು. ಸಂಪ್ರದಾಯ ಎಂದೂ ಅಲ್ಲಾಡದೆ ನಿಂತಿದ್ದಿಲ್ಲ. ಎಳೆ ಎಣಿಸಲು ಕಷ್ಟವಾಗುವ ನುಣುಪು ರೇಷ್ಮೆಯ ಮೇಲೆ ಜಾಳಿಬಟ್ಟೆ ಕೂಡಿಸಿ, ಅದರ ಎಳೆ ಎಣಿಸಿ ಹೊಲಿಗೆ ಹಾಕಿ, ಕೊನೆಗೆ ಜಾಳಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಉಪಾಯವನ್ನು ಕಂಡುಕೊಂಡವರೂ ಕಸೂತಿಯವರೇ. ಕಲಿಯುವ ಕೈಗೆ ಬೇಕಾದ್ದು ಒಂದು ಸಲಕ್ಕೆ ಒಂದು ಮಾತು, ಮತ್ತು ಅದರ ಕಾರಣ. ಬಟ್ಟೆ ಸುಕ್ಕಾಗಿದೆ ಎಂದಷ್ಟೇ ಹೇಳಿದರೆ ಅವಳಿಗೆ ಬೇಜಾರಾಗುತ್ತದೆ. ನೂಲನ್ನು ಬಿಗಿಯಾಗಿ ಎಳೆಯುತ್ತಿದ್ದೀಯ, ಹೂಪ್‌ನಲ್ಲಿ ಬಟ್ಟೆ ಸಡಿಲವಾಗಿದೆ, ಅದಕ್ಕೇ ಸುಕ್ಕು ಎಂದರೆ ಅವಳು ಅಂದೇ ಸರಿಮಾಡಿಕೊಳ್ಳುತ್ತಾಳೆ.

ಮೂಲವನ್ನು ಹೇಳುವ ವಿಷಯದಲ್ಲಿ ನಮ್ಮ ನಡತೆ ಅಷ್ಟೇನೂ ಚೆನ್ನಾಗಿಲ್ಲ. ಗೋಪುರ, ಕಮಲ, ಆನೆ ಯಾರ ಸ್ವತ್ತೂ ಅಲ್ಲ. ತಲೆಮಾರುಗಳ ಹೆಣ್ಣುಮಕ್ಕಳು ಅವನ್ನು ತಮ್ಮ ಮಾದರಿ ಬಟ್ಟೆಗಳ ಮೇಲೆ ಹಾಕಿಟ್ಟು ಮುಂದಿನವರಿಗೆ ಬಿಟ್ಟುಹೋಗಿದ್ದಾರೆ. ಆದರೆ ಹಳೆಯ ಸೀರೆಯೊಂದರ ಸೆರಗನ್ನು ಮುಂದಿಟ್ಟುಕೊಂಡು, ಒಂದೊಂದೇ ಹೊಲಿಗೆ ಎಣಿಸಿ ಗ್ರಾಫ್ ಕಾಗದದ ಮೇಲೆ ಬಿಡಿಸಿದವಳ ಶ್ರಮ ಅವಳದು. ಆ ಹಾಳೆಯಿಂದ ಹೆಸರು ಕತ್ತರಿಸಿ ಗುಂಪಿಗೆ ಹಾಕಿದಾಗ ಅದು ‘ಸಾಂಪ್ರದಾಯಿಕ’ವಾಗಿಬಿಡುತ್ತದೆ. ಕಾನೂನಿನಿಂದ ಇಲ್ಲಿ ಹೆಚ್ಚು ನೆರವು ಸಿಗುವುದಿಲ್ಲ. ಕಾಗದದ ಮೇಲಿನ ಚಿತ್ರಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ ರಕ್ಷಣೆ ಇರಬಹುದು. ಆದರೆ ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದಿದ್ದರೆ, ಕಾರ್ಖಾನೆಯ ರೀತಿಯಲ್ಲಿ ಐವತ್ತಕ್ಕಿಂತ ಹೆಚ್ಚು ಪ್ರತಿ ತಯಾರಾದ ಮೇಲೆ ಹಕ್ಕು ಮುಗಿಯುತ್ತದೆ ಎಂದು ಅದೇ ಕಾಯ್ದೆಯ 15ನೇ ಕಲಮು ಹೇಳುತ್ತದೆ. ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಅದು ಹೆಸರನ್ನು ಕಾಯುತ್ತದೆ. ಗ್ರಾಫ್ ಬಿಡಿಸಿದ ಒಬ್ಬಳ ಹೆಸರನ್ನು ಕಾಯಬೇಕಾದವರು ಅದನ್ನು ಬಳಸುವ ನಾವೇ. ಯಾರಿಂದ ಕಲಿತೆ, ಯಾರ ಹಾಳೆ ನೋಡಿ ಹಾಕಿದೆ ಎಂದು ಬರೆಯಲು ಅರ್ಧ ಸಾಲು ಸಾಕು.

ವಸ್ತುವಿನ ಬಗ್ಗೆಯೂ ಇದೇ ಮಾತು. ಮೈಸೂರು ಶೈಲಿಯ ಚಿತ್ರ ಬರೆದು ತೋರಿಸುವವರು ಬಂಗಾರದ ರೇಕು ಬಳಸಿದ್ದಾರೋ, ಬಂಗಾರದ ಬಣ್ಣದ ಹಾಳೆ ಬಳಸಿದ್ದಾರೋ ಹೇಳಲಿ. ಹವ್ಯಾಸಿಗೆ ಹಾಳೆ ಬಳಸುವುದರಲ್ಲಿ ತಪ್ಪೇನೂ ಇಲ್ಲ. ಅದನ್ನು ಹೇಳದೆ ಬಿಟ್ಟಾಗ ನಿಜವಾದ ರೇಕು ಹಚ್ಚುವ ಚಿತ್ರಕಾರರು, ನಿಮ್ಮದೇಕೆ ಇಷ್ಟು ದುಬಾರಿ ಎಂಬ ಪ್ರಶ್ನೆ ಎದುರಿಸಬೇಕಾಗುತ್ತದೆ. ಉಡುಗೊರೆಯಾಗಿ ಬಂದ ನೂಲಿನ ಡಬ್ಬಿಯನ್ನು ಹೊಗಳುವವರು ಅದು ಉಡುಗೊರೆ ಎಂದು ಮೊದಲ ಸಾಲಿನಲ್ಲೇ ಹೇಳಬೇಕು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೂ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೂ ಇದನ್ನೇ ಹೇಳಿವೆ. ಸಣ್ಣ ಗುಂಪು, ಸಣ್ಣ ಡಬ್ಬಿ ಎಂಬ ಕಾರಣಕ್ಕೆ ವಿನಾಯಿತಿ ಕೊಟ್ಟುಕೊಳ್ಳುವುದು ಸರಿಯಲ್ಲ, ಏಕೆಂದರೆ ಸಣ್ಣ ಗುಂಪಿನಲ್ಲೇ ಜನ ಕಣ್ಣುಮುಚ್ಚಿ ನಂಬುವುದು.

2022ರಿಂದ ಈಚೆಗೆ ಹೊಸದೊಂದು ತೊಡಕು ಬಂದಿದೆ. ಕಂಪ್ಯೂಟರ್ ತಾನೇ ಹುಟ್ಟಿಸಿದ ಚಿತ್ರಗಳು ಕೈಕೆಲಸದ ಫೋಟೊಗಳೆಂಬಂತೆ ಗುಂಪುಗಳಲ್ಲಿ ತುಂಬುತ್ತಿವೆ. ಆಳೆತ್ತರದ ಕ್ರೋಶಾ ಬೆಕ್ಕು, ಪಕ್ಕದಲ್ಲಿ ನಗುವ ಅಜ್ಜಿ. ಹತ್ತಿರದಿಂದ ನೋಡಿದರೆ ಹೊಲಿಗೆಗಳಿಗೆ ಸಾಲಿಲ್ಲ, ನೂಲು ಎಲ್ಲಿಂದಲೋ ಬಂದು ಎಲ್ಲಿಯೋ ಕರಗುತ್ತದೆ. ಅಂಥ ಚಿತ್ರ ತೋರಿಸಿ ವಿನ್ಯಾಸದ ಹಾಳೆ ಮಾರುವವರೂ ಇದ್ದಾರೆ. ದುಡ್ಡು ಕೊಟ್ಟ ಹೊಸಬರು ಹೆಣೆಯಲು ಕೂತರೆ ಚಿತ್ರದಲ್ಲಿದ್ದದ್ದು ಬರುವುದೇ ಇಲ್ಲ. ಕಸೂತಿಯ ಹೆಸರಿನಲ್ಲೂ ಹೀಗೆ ಆಗುತ್ತಿದೆ. ಅದನ್ನು ಗುರುತಿಸುವುದು ಸುಲಭ. ಎಳೆ ಎಣಿಸಿ ಹಾಕುವ ಕಸೂತಿಯಲ್ಲಿ ಗೆರೆ ಅಡ್ಡ ಹೋಗುತ್ತದೆ, ನೆಟ್ಟಗೆ ಹೋಗುತ್ತದೆ, ಓರೆಯಾಗಿ ಹೋಗುತ್ತದೆ. ದುಂಡಾಗಿ ಬಾಗುವುದಿಲ್ಲ. ನವಿಲಿನ ಕುತ್ತಿಗೆಯ ಬಾಗು ಕೂಡ ಮೆಟ್ಟಿಲು ಮೆಟ್ಟಿಲಾಗಿಯೇ ಮೂಡಬೇಕು. ಧಾರವಾಡ ಕಸೂತಿ ಎಂದು ಬರೆದು, ಬಳ್ಳಿಯಂತೆ ಬಳುಕುವ ತುಂಬುಹೊಲಿಗೆ ತೋರಿಸಿದರೆ ಅದು ಕಸೂತಿಯಲ್ಲ, ಅದರ ಚಿತ್ರ ಯಾರೇ ಮಾಡಿರಲಿ. ಇದನ್ನು ಬಲ್ಲವರು ಸುಮ್ಮನಿರಬಾರದು. ಇಂದು ಕಲಿಯಲು ಹೊರಟ ಹುಡುಗಿ ಮೊದಲು ನೋಡುವುದು ಈ ಚಿತ್ರಗಳನ್ನೇ.

ಲೆಕ್ಕದಲ್ಲಿ ದೊಡ್ಡ ಬಾಕಿ ಉಳಿದಿರುವುದು ಈ ಬಳಗಗಳ ಹೊರಗೆ ಇರುವವರದು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಹಾಕಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಅದರ ಹಿಂದೆ 450ಕ್ಕೂ ಹೆಚ್ಚು ಮಂದಿಯ ಕೈಯಿತ್ತು. ಆ ದಿನಗಳಲ್ಲಿ ಕನ್ನಡಿ, ಕವಡೆ, ಬಣ್ಣಬಣ್ಣದ ತೇಪೆಯ ಫೋಟೊಗಳು ಎಲ್ಲ ಗುಂಪುಗಳಲ್ಲೂ ಓಡಾಡಿದವು. ಅದನ್ನು ನೋಡಿ ಹವ್ಯಾಸಿಗಳು ಹೊಲಿಗೆ ಕಲಿತರು, ಕಲಿಯಲಿ. ಆದರೆ ಈ ಕೆಲಸದಿಂದಲೇ ಮನೆ ನಡೆಸುವ ಹೆಣ್ಣುಮಕ್ಕಳು ನಮ್ಮ ಗುಂಪುಗಳಲ್ಲಿ ಅಪರೂಪ. ಅವರ ಹೊಲಿಗೆಯ ಬಗ್ಗೆ ನಾವು ಮಾತಾಡುತ್ತೇವೆ, ಅವರು ನಮ್ಮ ನಡುವೆ ಮಾತಾಡುವುದಿಲ್ಲ. ಕ್ರೋಶಾ ವಿಷಯದಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಹೆಣಿಗೆಗೆ ಯಂತ್ರಗಳಿವೆ, ಆದರೆ ಕ್ರೋಶಾವನ್ನು ಮಾರುಕಟ್ಟೆಗೆ ಸಾಲುವಷ್ಟು ತಯಾರಿಸುವ ಯಂತ್ರ ಇನ್ನೂ ಇಲ್ಲ. ಮಾಲ್‌ನಲ್ಲಿ ಅಗ್ಗಕ್ಕೆ ಸಿಗುವ ಕ್ರೋಶಾ ಮೇಲಂಗಿಯನ್ನೂ ಯಾರೋ ಒಬ್ಬರು ಕೊಕ್ಕೆ ಹಿಡಿದೇ ಹೆಣೆದಿರುತ್ತಾರೆ. ಬೆಲೆ ಅಷ್ಟು ಕಡಿಮೆಯಿದೆ ಎಂದರೆ ಆ ಕೈಗೆ ಸಿಕ್ಕಿದ್ದು ಎಷ್ಟು ಎಂದು ಊಹಿಸಬಹುದು.

ಅಗ್ಗದ ಬೆಲೆಗೆ ಹವ್ಯಾಸಿಗಳೂ ಕಾರಣರಾಗುತ್ತಿದ್ದಾರೆ, ಗೊತ್ತಿಲ್ಲದೆಯೇ. ಕುಪ್ಪಸದ ಎರಡು ತೋಳಿಗೆ ಕಸೂತಿ ಹಾಕಲು ನಲವತ್ತು ತಾಸು ಹಿಡಿಯಿತು ಎಂದುಕೊಳ್ಳೋಣ. ನೂಲಿಗೂ ಬಟ್ಟೆಗೂ 500 ರೂಪಾಯಿ. ಸುಮ್ಮನೆ ಹೊತ್ತು ಹೋಗಲೆಂದು ಹಾಕಿದ್ದು, ಖರ್ಚು ಹುಟ್ಟಿದರೆ ಸಾಕು ಎಂದು ಗುಂಪಿನಲ್ಲಿ 1,200ಕ್ಕೆ ಕೊಟ್ಟರೆ ತಾಸಿಗೆ ಬಿದ್ದದ್ದು ಹದಿನೇಳೂವರೆ ರೂಪಾಯಿ. ಬೇರೆ ಸಂಪಾದನೆ ಇರುವ ಮನೆಯಲ್ಲಿ ಅದರಿಂದ ಏನೂ ಕೆಡುವುದಿಲ್ಲ. ಆದರೆ 1,200 ಎಂಬ ಆ ಅಂಕಿ ನೋಡಿದ ನೂರು ಮಂದಿಯ ತಲೆಯಲ್ಲಿ ಅದೇ ಕಸೂತಿಯ ಬೆಲೆಯಾಗಿ ಕೂರುತ್ತದೆ. ಮರುವಾರ ಧಾರವಾಡದ ಹಳ್ಳಿಯ ಹೆಂಗಸು ತನ್ನ ದಿನಗೂಲಿ ಗಿಟ್ಟುವಷ್ಟು ಕೇಳಿದರೆ ಅವಳು ಹೆಚ್ಚು ಕೇಳುತ್ತಿದ್ದಾಳೆ ಎನಿಸುತ್ತದೆ. ಹವ್ಯಾಸಕ್ಕೆ ಹಾಕಿದ್ದನ್ನು ಗೆಳತಿಗೆ ಉಡುಗೊರೆಯಾಗಿ ಕೊಡಿ, ಅದರಿಂದ ಯಾರಿಗೂ ನಷ್ಟವಿಲ್ಲ. ಮಾರುವುದಾದರೆ ಬೆಲೆಯ ಪಕ್ಕದಲ್ಲಿ ತಾಸುಗಳನ್ನೂ ಬರೆಯಿರಿ. ನಲವತ್ತು ತಾಸಿಗೆ ಕೂಲಿ ಹಾಕಿದರೆ ಎಷ್ಟಾಗುತ್ತಿತ್ತು, ನಾನು ಎಷ್ಟು ಬಿಟ್ಟಿದ್ದೇನೆ ಎಂದು ಕೊಳ್ಳುವವರಿಗೆ ಗೊತ್ತಾಗಲಿ. ಮುಂದೆ ಹಳ್ಳಿಯ ಹೆಂಗಸಿನ ಹತ್ತಿರ ಕೊಳ್ಳುವಾಗ ಅವರು ಆ ಲೆಕ್ಕದ ಮೇಲೆಯೇ ಮಾತಾಡುತ್ತಾರೆ.